ಚಿಯಾಂಗ್ ಮಾಯ್‌ನಲ್ಲಿ ನಿವೃತ್ತಿ ಜೀವನ: ಮೈಸೂರು ಬಿಡುವ ಮೊದಲೇ ಮುಗಿಸಬೇಕಾದ ಕಾಗದಪತ್ರ

ಪ್ರಶ್ನೆ: ನಾನು ಕೇಂದ್ರ ಸರ್ಕಾರಿ ನೌಕರಿಯಿಂದ ನಿವೃತ್ತ, ವಯಸ್ಸು 64. ನನ್ನ ಮನೆಯವರಿಗೆ (ಪತ್ನಿಗೆ) 58. ಕುವೆಂಪುನಗರದಲ್ಲಿ ಸ್ವಂತ ಮನೆ ಇದೆ, ಕೆಳಗಿನ ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಪಿಂಚಣಿ ತಿಂಗಳಿಗೆ ಸುಮಾರು 70,000 ರೂ. ಕೆಲವು ವರ್ಷ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಇರೋಣ ಎಂದುಕೊಂಡಿದ್ದೇವೆ. ವೀಸಾ ಹೇಗೆ? ಪಿಂಚಣಿಗೆ ತೊಂದರೆಯಾಗುತ್ತದೆಯೇ? ಮನೆ ಮಾರಿ ಹೋಗುವುದು ಒಳ್ಳೆಯದೇ? ನಾವು ಸಸ್ಯಾಹಾರಿಗಳು. ನನಗೆ ಬಿಪಿ, ಅವರಿಗೆ ಸ್ವಲ್ಪ ಉಬ್ಬಸ. — ಮೈಸೂರಿನ ಓದುಗರು

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮನೆ ಮಾರಬೇಡಿ. ಕನಿಷ್ಠ ಎರಡು ಸಲ ಅಲ್ಲಿ ವೀಸಾ ವಿಸ್ತರಣೆ ಆಗುವವರೆಗೆ ಆ ಮಾತೇ ಬೇಡ. ಥಾಯ್ಲೆಂಡ್ ಕೊಡುವುದು ಒಂದೊಂದೇ ವರ್ಷದ ಅನುಮತಿ. ಪ್ರತಿ ವರ್ಷ ಬ್ಯಾಂಕಿನ ಹಣ, ಮನೆ ವಿಳಾಸ, ಪಾಸ್‌ಪೋರ್ಟ್ ಎಲ್ಲವನ್ನೂ ಮತ್ತೆ ತೋರಿಸಬೇಕು. ಒಂದು ವರ್ಷ ಆರೋಗ್ಯ ಕೈಕೊಟ್ಟರೆ ಬಂದು ಇಳಿಯಲು ಮೈಸೂರಿನಲ್ಲಿ ಒಂದು ಬಾಗಿಲು ಇರಲೇಬೇಕು. ಅಲ್ಲಿ ವಿದೇಶಿಯರು ತಮ್ಮ ಹೆಸರಿನಲ್ಲಿ ಜಮೀನು ಕೊಳ್ಳುವಂತಿಲ್ಲ. ಕಾಂಡೋ ಫ್ಲ್ಯಾಟ್ ಕೊಳ್ಳಬಹುದು, ಆದರೆ ಒಂದು ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು ಶೇ. 49 ಮೀರಬಾರದು. ನಿಮ್ಮ ಪರಿಸ್ಥಿತಿಗೆ ಬಾಡಿಗೆ ಮನೆಯೇ ಸರಿ.

ಈಗ ವೀಸಾ. 50 ದಾಟಿದವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ನಾನ್-ಇಮಿಗ್ರಂಟ್ ಓ-ಎ. ಇದಕ್ಕೆ ಇಲ್ಲಿಂದಲೇ ಒಂದು ವರ್ಷದ ವೀಸಾ ಸಿಗುತ್ತದೆ, ಆದರೆ ಪೊಲೀಸ್ ಕ್ಲಿಯರೆನ್ಸ್ ಮತ್ತು ವೈದ್ಯಕೀಯ ಪ್ರಮಾಣಪತ್ರದ ಜೊತೆಗೆ 30 ಲಕ್ಷ ಬಾತ್ (ಥಾಯ್ ನಾಣ್ಯ) ರಕ್ಷಣೆಯ ಆರೋಗ್ಯ ವಿಮೆ ಬೇಕು. ವಿಮೆಯ ಈ ಷರತ್ತು ಮುಂದಿನ ವರ್ಷಗಳ ವಿಸ್ತರಣೆಗೂ ಅಂಟಿಕೊಂಡೇ ಬರುತ್ತದೆ. ಇನ್ನೊಂದು ನಾನ್-ಇಮಿಗ್ರಂಟ್ ಓ. ಇದು ಮೊದಲು 90 ದಿನಕ್ಕೆ ಸಿಗುತ್ತದೆ, ಆ ಅವಧಿಯಲ್ಲಿ ಅಲ್ಲಿನ ಇಮಿಗ್ರೇಷನ್ ಕಚೇರಿಯಲ್ಲಿ ಒಂದು ವರ್ಷದ ವಿಸ್ತರಣೆ ಪಡೆಯಬೇಕು. ನಿಮಗೆ ನನ್ನ ಸಲಹೆ ಎರಡನೆಯದು. ಬಿಪಿ ಮತ್ತು ಉಬ್ಬಸ ಇರುವವರಿಗೆ ಅಷ್ಟು ದೊಡ್ಡ ಮೊತ್ತದ ವಿಮೆ ಪ್ರತಿ ವರ್ಷ ಕೊಳ್ಳುವುದು ಭಾರವಾಗುತ್ತದೆ. ಅರ್ಜಿಯನ್ನು ಥಾಯ್ ಸರ್ಕಾರದ ಇ-ವೀಸಾ ತಾಣದಲ್ಲಿ ಹಾಕಬೇಕು. ನಿಮ್ಮ ವಿಳಾಸ ಯಾವ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೋ ಅದನ್ನೇ ಆರಿಸಿ. ತಪ್ಪು ಕಚೇರಿ ಆರಿಸಿದರೆ ಅರ್ಜಿ ತಿರಸ್ಕಾರವಾಗಬಹುದು, ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ.

ವೀಸಾ ಇಲ್ಲದೆ ಪ್ರವಾಸಿಯಾಗಿ ಇಳಿದು ಅಲ್ಲೇ ಬದಲಾಯಿಸಿಕೊಳ್ಳುವ ದಾರಿಯೂ ಇದೆ. ಟಿಎಂ 87 ಎಂಬ ನಮೂನೆ, 2,000 ಬಾತ್ ಶುಲ್ಕ, ಕೈಯಲ್ಲಿ ಕನಿಷ್ಠ 15 ದಿನ ಬಾಕಿ ಇರಬೇಕು. ಆದರೆ ಪ್ರವಾಸಿ ಮುದ್ರೆ ಇರುವವರಿಗೆ ಅಲ್ಲಿನ ಬ್ಯಾಂಕುಗಳು ಖಾತೆ ತೆರೆದುಕೊಡಲು ಹಿಂದೇಟು ಹಾಕುತ್ತವೆ. ಖಾತೆಯಿಲ್ಲದೆ ಹಣ ತೋರಿಸಲಾಗದು, ಹಣ ತೋರಿಸದೆ ವೀಸಾ ಬದಲಾಗದು. ಅದಕ್ಕಾಗಿ ವೀಸಾ ಇಲ್ಲಿಂದಲೇ ತೆಗೆದುಕೊಂಡು ಹೋಗಿ.

ಹಣದ ಲೆಕ್ಕ ಹೀಗಿದೆ. ವಿಸ್ತರಣೆಗೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು, ಇಲ್ಲವೇ ಥಾಯ್ ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿ 8 ಲಕ್ಷ ಬಾತ್ ಇಡಬೇಕು. ಎರಡನ್ನೂ ಕೂಡಿಸಿ ವರ್ಷಕ್ಕೆ 8 ಲಕ್ಷ ತೋರಿಸುವ ಮೂರನೆಯ ದಾರಿಯೂ ಉಂಟು. ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಎಂದು ಹಿಡಿದರೂ ನಿಮ್ಮ ಪಿಂಚಣಿ 65,000 ಬಾತ್ ಮುಟ್ಟುವುದಿಲ್ಲ. ಆದ್ದರಿಂದ ಠೇವಣಿಯ ದಾರಿ, ಅಂದರೆ 20ರಿಂದ 24 ಲಕ್ಷ ರೂ. ಈ ಹಣ ಅರ್ಜಿ ಹಾಕುವ ದಿನಕ್ಕೆ ಎರಡು ತಿಂಗಳಿಂದ ಖಾತೆಯಲ್ಲಿ ಇರಬೇಕು. ವಿಸ್ತರಣೆ ಸಿಕ್ಕ ಮೇಲೂ ಮೂರು ತಿಂಗಳು 8 ಲಕ್ಷಕ್ಕಿಂತ ಒಂದು ಬಾತ್ ಕೂಡ ಕಡಿಮೆಯಾಗಬಾರದು, ಉಳಿದ ತಿಂಗಳುಗಳಲ್ಲಿ 4 ಲಕ್ಷಕ್ಕಿಂತ ಇಳಿಯಬಾರದು, ಮುಂದಿನ ಅರ್ಜಿಗೆ ಎರಡು ತಿಂಗಳ ಮೊದಲು ಮತ್ತೆ 8 ಲಕ್ಷಕ್ಕೆ ಏರಿಸಬೇಕು. ಜನ ಮುಗ್ಗರಿಸುವುದು ಇಲ್ಲೇ. ಎಟಿಎಂ ಶುಲ್ಕವೋ ವಿಮೆಯ ಕಂತೋ ಇದೇ ಖಾತೆಯಿಂದ ಕಡಿತವಾಗಿ ಬಾಕಿ 7,99,800ಕ್ಕೆ ಇಳಿದಿರುತ್ತದೆ, ಮುಂದಿನ ವರ್ಷ ಪಾಸ್‌ಬುಕ್ ನೋಡಿದ ಅಧಿಕಾರಿ ಅರ್ಜಿ ವಾಪಸ್ ಮಾಡುತ್ತಾರೆ. ಠೇವಣಿಗೆ ಒಂದು ಖಾತೆ, ಮನೆ ಖರ್ಚಿಗೆ ಇನ್ನೊಂದು ಖಾತೆ ಮಾಡಿಕೊಳ್ಳಿ. ಠೇವಣಿಯದ್ದಕ್ಕೆ ಎಟಿಎಂ ಕಾರ್ಡೇ ತೆಗೆದುಕೊಳ್ಳಬೇಡಿ. ಜಂಟಿ ಖಾತೆಯೂ ಬೇಡ, ಅದರಲ್ಲಿ ಅರ್ಧ ಹಣವನ್ನಷ್ಟೇ ನಿಮ್ಮದೆಂದು ಎಣಿಸುತ್ತಾರೆ.

ನಿಮ್ಮ ಮನೆಯವರಿಗೆ ಪ್ರತ್ಯೇಕವಾಗಿ ಇನ್ನೊಂದು 8 ಲಕ್ಷ ಬೇಕಿಲ್ಲ. ನಿಮ್ಮ ಮೇಲೆ ಅವಲಂಬಿತ ಪತ್ನಿಯಾಗಿ ಅವರಿಗೂ ವಿಸ್ತರಣೆ ಸಿಗುತ್ತದೆ. ಅದಕ್ಕೆ ಬೇಕಾದದ್ದು ಮದುವೆಯ ಪ್ರಮಾಣಪತ್ರ, ಮತ್ತು ಇದರಷ್ಟು ಸಮಯ ತಿನ್ನುವ ಕಾಗದ ಬೇರೆ ಇಲ್ಲ. ನಿಮ್ಮ ವಯಸ್ಸಿನವರಲ್ಲಿ ಹೆಚ್ಚಿನವರ ಮದುವೆ ಛತ್ರದಲ್ಲಿ ಆಗಿದೆ, ಲಗ್ನಪತ್ರಿಕೆ ಮತ್ತು ಫೋಟೊ ಬಿಟ್ಟರೆ ದಾಖಲೆ ಇಲ್ಲ. ನಿಮ್ಮದೂ ಹಾಗಿದ್ದರೆ ಈಗಲೇ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಅರ್ಜಿಯನ್ನು ಕಾವೇರಿ 2.0 ತಾಣದಲ್ಲಿ ಹಾಕಬಹುದು. ಲಗ್ನಪತ್ರಿಕೆ, ಮದುವೆಯ ಫೋಟೊ, ಇಬ್ಬರ ವಯಸ್ಸಿನ ಮತ್ತು ವಿಳಾಸದ ದಾಖಲೆ, ಸಾಕ್ಷಿಗಳು ಇವನ್ನೆಲ್ಲ ಒದಗಿಸಿಕೊಳ್ಳಿ. ಲಗ್ನಪತ್ರಿಕೆ ಕಳೆದಿದ್ದರೆ ಬದಲಿಗೆ ಏನು ಕೊಡಬಹುದೆಂದು ಆ ಕಚೇರಿಯಲ್ಲೇ ಮೊದಲು ಕೇಳಿ. ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಸಿಕ್ಕರೆ ಇಂಗ್ಲಿಷ್ ಅನುವಾದವನ್ನು ನೋಟರಿಯಿಂದ ದೃಢೀಕರಿಸಿಕೊಳ್ಳಿ. ಆಮೇಲೆ ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ಮುದ್ರೆ, ಥಾಯ್ ರಾಯಭಾರ ಕಚೇರಿಯ ದೃಢೀಕರಣ, ಇದೇ ಕ್ರಮದಲ್ಲಿ. ಥಾಯ್ಲೆಂಡ್ ತಲುಪಿದ ಮೇಲೆ ಥಾಯ್ ಭಾಷೆಗೆ ಅನುವಾದಿಸಿ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ ಹಾಕಿಸಬೇಕು. ಕ್ರಮ ತಪ್ಪಿದರೆ ಮತ್ತೆ ಮೊದಲಿನಿಂದ ಬರಬೇಕಾಗುತ್ತದೆ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಪತಿ ಅಥವಾ ಪತ್ನಿಯ ಹೆಸರಿರುವುದು ಸಹಾಯಕ್ಕೆ ಬರಬಹುದು, ಆದರೆ ಅದು ಈ ಪ್ರಮಾಣಪತ್ರದ ಬದಲಿಗೆ ನಿಲ್ಲುವುದಿಲ್ಲ.

ಇದಕ್ಕೂ ಮೊದಲು ನೋಡಬೇಕಾದದ್ದು ಹೆಸರು. ನಮ್ಮ ಕಡೆ ಊರಿನ ಹೆಸರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ, ಆಮೇಲೆ ಸ್ವಂತ ಹೆಸರು. ಪಿಂಚಣಿ ಆದೇಶದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತಾರ, ಪ್ಯಾನ್‌ನಲ್ಲಿ ತಂದೆಯ ಹೆಸರೇ ಉಪನಾಮ, ಆಧಾರ್‌ನಲ್ಲಿ ಬರೀ ಹೆಸರು. ಊರಲ್ಲಿ ಇದರಿಂದ ಯಾವ ಕೆಲಸವೂ ನಿಲ್ಲದೇ ಇರಬಹುದು. ಅಲ್ಲಿ ಮಾತ್ರ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ವಿಳಾಸದ ವರದಿ, ವಿಮೆ ಎಲ್ಲವೂ ಪಾಸ್‌ಪೋರ್ಟಿನಲ್ಲಿರುವ ಅಕ್ಷರಕ್ಕೆ ಸರಿಯಾಗಿ ಹೊಂದಬೇಕು. ಇಲ್ಲಿಂದ ಕಳಿಸಿದ ಹಣದಲ್ಲಿ ಪಡೆಯುವವರ ಹೆಸರು ಬೇರೆ ರೀತಿ ಇದ್ದರೆ ಆ ಬ್ಯಾಂಕು ತಡೆಹಿಡಿಯುತ್ತದೆ ಇಲ್ಲವೇ ಹಿಂದಿರುಗಿಸುತ್ತದೆ, ಎರಡು ತಿಂಗಳ ಎಣಿಕೆ ಅಷ್ಟು ದಿನ ತಡವಾಗುತ್ತದೆ. ಪಾಸ್‌ಪೋರ್ಟನ್ನೇ ಮೂಲವೆಂದು ಇಟ್ಟುಕೊಂಡು ಪ್ಯಾನ್, ಆಧಾರ್, ಬ್ಯಾಂಕ್ ಖಾತೆಗಳನ್ನು ಅದಕ್ಕೆ ಸರಿಹೊಂದಿಸಿ. ಮದುವೆ ನೋಂದಣಿಯನ್ನೂ ಅದೇ ಅಕ್ಷರಗಳಲ್ಲಿ ಮಾಡಿಸಿ. ಉಪನಾಮದ ಜಾಗ ಖಾಲಿ ಇರುವ ಪಾಸ್‌ಪೋರ್ಟ್ ಆಗಿದ್ದರೆ ಈಗಲೇ ಮರುವಿತರಣೆ ಮಾಡಿಸಿ ಆ ಜಾಗ ತುಂಬಿಸಿ. ಮೈಸೂರಿನಲ್ಲೇ 2017ರಿಂದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಇದಕ್ಕೆ ಬೆಂಗಳೂರಿಗೆ ಓಡಾಡಬೇಕಿಲ್ಲ. ಅವಧಿ ಎರಡು ವರ್ಷಕ್ಕಿಂತ ಹೆಚ್ಚು ಬಾಕಿ ಇದ್ದರೆ ಒಳ್ಳೆಯದು, ಏಕೆಂದರೆ ಪಾಸ್‌ಪೋರ್ಟ್ ಮುಗಿಯುವ ದಿನದಾಚೆಗೆ ಅಲ್ಲಿ ವಿಸ್ತರಣೆ ಕೊಡುವುದಿಲ್ಲ.

ಯಾವಾಗ ಹೊರಡಬೇಕು? ನವೆಂಬರ್ ನಡುಭಾಗ ನಿಮಗೆ ಎಲ್ಲ ರೀತಿಯಿಂದಲೂ ಹೊಂದುತ್ತದೆ. ಕೇಂದ್ರ ಸರ್ಕಾರದ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡುವುದು ನವೆಂಬರ್‌ನಲ್ಲಿ, ಅದನ್ನು ಮೊದಲ ವಾರದಲ್ಲೇ ಬ್ಯಾಂಕಿಗೆ ಕೊಟ್ಟು ಹೊರಡಬಹುದು. ಚಿಯಾಂಗ್ ಮಾಯ್ ಆಗ ತಂಪಾಗಿರುತ್ತದೆ. 90 ದಿನ ಮುಗಿಯುವುದು ಫೆಬ್ರುವರಿ ನಡುವೆ. ಇಳಿದ ವಾರದಲ್ಲೇ ಮನೆ ಕರಾರು, ಎರಡನೇ ವಾರದಲ್ಲಿ ಬ್ಯಾಂಕ್ ಖಾತೆ, 28ನೇ ದಿನದೊಳಗೆ ಪೂರ್ತಿ 8 ಲಕ್ಷ ಬಾತ್ ಖಾತೆಯಲ್ಲಿ. ಇದಕ್ಕಿಂತ ತಡವಾದರೆ ಎರಡು ತಿಂಗಳು ತುಂಬುವ ಹೊತ್ತಿಗೆ ವೀಸಾ ಮುಗಿದಿರುತ್ತದೆ. ಡಿಸೆಂಬರ್ 5 ಮತ್ತು 10 ಅಲ್ಲಿ ಸರ್ಕಾರಿ ರಜೆ, ಲೆಕ್ಕದಲ್ಲಿಡಿ. ಕೊನೆಯ 30 ದಿನಗಳಲ್ಲಿ ಟಿಎಂ 7 ನಮೂನೆ, 1,900 ಬಾತ್ ಶುಲ್ಕ, 4×6 ಸೆಂ.ಮೀ. ಫೋಟೊ, ಬಾಡಿಗೆ ಕರಾರು, ಮನೆಗೆ ಹೋಗುವ ದಾರಿಯ ನಕ್ಷೆ, ಬ್ಯಾಂಕಿನ ಪತ್ರ ಮತ್ತು ಅದೇ ದಿನ ಎಂಟ್ರಿ ಹಾಕಿಸಿದ ಪಾಸ್‌ಬುಕ್ ಹಿಡಿದು ಇಮಿಗ್ರೇಷನ್ ಕಚೇರಿಗೆ ಹೋಗಬೇಕು. ಹಣ ವಿದೇಶದಿಂದ ಬಂದದ್ದು ಎಂಬ ಬ್ಯಾಂಕಿನ ಜಮಾ ಸೂಚನೆಯ ಪ್ರತಿಯನ್ನು ಮೊದಲೇ ಪಡೆದಿಡಿ.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಚಿಯಾಂಗ್ ಮಾಯ್ ಸುತ್ತ ಗದ್ದೆಯ ಕೂಳೆ ಮತ್ತು ಕಾಡು ಉರಿಯುತ್ತವೆ. ಬೆಟ್ಟಗಳ ನಡುವಿನ ತಗ್ಗಿನಲ್ಲಿರುವ ಊರು ಅದು, ಹೊಗೆ ಹೊರಗೆ ಹೋಗದೆ ವಾರಗಟ್ಟಲೆ ನಿಲ್ಲುತ್ತದೆ. ನಿಮ್ಮ ಮನೆಯವರ ಉಬ್ಬಸಕ್ಕೆ ಆ ಗಾಳಿ ವಿಷ, ಈ ವಿಷಯದಲ್ಲಿ ರಾಜಿ ಬೇಡ. ವಿಸ್ತರಣೆ ಫೆಬ್ರುವರಿ ಮೊದಲ ವಾರದಲ್ಲೇ ಮುಗಿಸಿಕೊಂಡರೆ, ಆ ತಿಂಗಳಲ್ಲೇ ಮೈಸೂರಿಗೆ ಬಂದು ಯುಗಾದಿ ಮುಗಿಸಿ, ಮಳೆ ಬಿದ್ದು ಗಾಳಿ ತಿಳಿಯಾದ ಮೇಲೆ ಮೇ ತಿಂಗಳಲ್ಲಿ ವಾಪಸ್ ಹೋಗಬಹುದು. ಮುಂದಿನ ವರ್ಷಗಳಲ್ಲೂ ವಿಸ್ತರಣೆಯ ದಿನ ಹೊಗೆ ದಟ್ಟವಾಗುವ ಮುಂಚೆಯೇ ಬೀಳುತ್ತದೆ. ಆದರೆ ಥಾಯ್ಲೆಂಡ್ ಬಿಡುವ ಮೊದಲು ಇಬ್ಬರೂ ಮರುಪ್ರವೇಶದ ಅನುಮತಿ ಪಡೆಯಲೇಬೇಕು. ನಮೂನೆ ಟಿಎಂ 8, ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಆದರೆ 3,800. ಇದಿಲ್ಲದೆ ಗಡಿ ದಾಟಿದ ಕ್ಷಣವೇ ಒಂದು ವರ್ಷದ ವಿಸ್ತರಣೆ ರದ್ದು, ವೀಸಾದಿಂದ ಹಿಡಿದು ಎಲ್ಲವೂ ಮೊದಲಿನಿಂದ. ದಸರಾಕ್ಕೆಂದೋ ಯಾರದೋ ಸಾವಿನ ಸುದ್ದಿ ಕೇಳಿಯೋ ಅವಸರದಲ್ಲಿ ಹೊರಡುವಾಗಲೇ ಇದು ಮರೆತುಹೋಗುವುದು. ಆದ್ದರಿಂದ ವಿಸ್ತರಣೆ ಸಿಕ್ಕ ದಿನವೇ 3,800ರ ಅನುಮತಿ ಮಾಡಿಸಿಟ್ಟುಬಿಡಿ.

ಅಲ್ಲಿರುವಾಗ ಎರಡು ವರದಿಗಳು. ಟಿಎಂ 30 ನೀವು ವಾಸವಿರುವ ವಿಳಾಸದ್ದು. ನೀವು ಬಂದ 24 ಗಂಟೆಯೊಳಗೆ ಮನೆಯ ಮಾಲೀಕರು ಕೊಡಬೇಕು. ಕೆಲವರು ತೆರಿಗೆಯ ಭಯದಿಂದ ಕೊಡುವುದಿಲ್ಲ. ಮುಂಗಡ ಕೊಡುವ ಮೊದಲೇ ಕೇಳಿ, ಒಪ್ಪದಿದ್ದರೆ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಡಿ. ಟಿಎಂ 47 ಎಂಬುದು 90 ದಿನಕ್ಕೊಮ್ಮೆ ಕೊಡುವ ವರದಿ. ಗಡುವಿನ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಕೊಡಬಹುದು, ತಪ್ಪಿದರೆ 2,000 ಬಾತ್ ದಂಡ. ದೇಶ ಬಿಟ್ಟು ಮರಳಿದಾಗ ಎಣಿಕೆ ಒಂದರಿಂದ ಶುರು. ವೀಸಾ ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್, ಗರಿಷ್ಠ 20,000. ದಂಡಕ್ಕಿಂತ ಮುಖ್ಯವಾಗಿ ಆ ಮುದ್ರೆ ಪಾಸ್‌ಪೋರ್ಟಿನಲ್ಲಿ ಉಳಿಯುತ್ತದೆ.

ಈಗ ಇಲ್ಲಿನ ಹಣಕಾಸು. ಮೊದಲ 8 ಲಕ್ಷ ಬಾತ್ ಕಳಿಸುವಾಗ ಆರ್ಥಿಕ ವರ್ಷದಲ್ಲಿ 10 ಲಕ್ಷ ರೂ. ಮೀರಿದ ಭಾಗಕ್ಕೆ ಬ್ಯಾಂಕು ಶೇ. 20 ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. 22 ಲಕ್ಷ ಕಳಿಸಿದರೆ 2.4 ಲಕ್ಷ. ಇದು ಖರ್ಚಲ್ಲ, ರಿಟರ್ನ್ಸ್ ಸಲ್ಲಿಸಿದಾಗ ತೆರಿಗೆಗೆ ಹೊಂದಾಣಿಕೆಯಾಗುತ್ತದೆ ಇಲ್ಲವೇ ವಾಪಸ್ ಬರುತ್ತದೆ. ಆದರೆ ಆ ದಿನ ಖಾತೆಯಲ್ಲಿ ಇರಬೇಕು. ನೆಟ್ ಬ್ಯಾಂಕಿಂಗ್‌ನಲ್ಲಿ ವಿದೇಶಕ್ಕೆ ಹಣ ಕಳಿಸುವ ಸೌಲಭ್ಯವನ್ನು ಹೊರಡುವ ಮೊದಲು ನಿಮ್ಮ ಶಾಖೆಯಲ್ಲೇ ಚಾಲೂ ಮಾಡಿಸಿ, ಮ್ಯಾನೇಜರ್ ಹತ್ತಿರ ಕೂತು ಎಷ್ಟು ಮೊತ್ತ, ಯಾವ ಉದ್ದೇಶದ ಕೋಡ್ ಎಂದು ಬರೆಸಿಕೊಳ್ಳಿ. ಅನಿರ್ದಿಷ್ಟ ಕಾಲ ಹೊರಗಿರುವುದು ಖಚಿತವಾದ ಮೇಲೆ ನಿಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳ ಇಲ್ಲಿನ ಆದಾಯದ ಖಾತೆಯಾಗಿ, ಬದಲಿಸುವುದು ಕಡ್ಡಾಯ. ಪಿಂಚಣಿ ಅದಕ್ಕೇ ಬರಬಹುದು. ಆ ಖಾತೆಯಿಂದ ಪಿಂಚಣಿ, ಬಾಡಿಗೆಯಂಥ ಆದಾಯವನ್ನು ತೆರಿಗೆ ಕಟ್ಟಿ ಕಳಿಸಬಹುದು, ಇದಕ್ಕೆ ಟಿಸಿಎಸ್ ಇಲ್ಲ. ಬ್ಯಾಂಕು ಕೇಳಿದಾಗ ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಬಡ್ಡಿಗೆ ಮಾತ್ರ ಶೇ. 30ಕ್ಕೂ ಹೆಚ್ಚು ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿಯುತ್ತಾರೆ, ಕಡಿತ ಬೇಡವೆಂಬ ಸ್ವಯಂಘೋಷಣೆಯ ನಮೂನೆಯನ್ನು ಅನಿವಾಸಿಗಳು ಕೊಡಲು ಬರುವುದಿಲ್ಲ. ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ನಡೆಸಬಹುದು, ಮುಂದುವರಿಸಲಾಗದು.

ಬಾಡಿಗೆಯ ಬಗ್ಗೆ ಒಂದು ಎಚ್ಚರಿಕೆ. ನೀವು ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾದ ವರ್ಷದಿಂದ ಬಾಡಿಗೆದಾರರು ಮೊದಲ ರೂಪಾಯಿಯಿಂದಲೇ ಶೇ. 31.2 ಟಿಡಿಎಸ್ ಕಡಿದು ಕಟ್ಟಬೇಕು, ಅದಕ್ಕಾಗಿ ಟ್ಯಾನ್ ಸಂಖ್ಯೆ (ತೆರಿಗೆ ಕಡಿಯುವವರಿಗೆ ಕೊಡುವ ಸಂಖ್ಯೆ) ಪಡೆಯಬೇಕು. ಮಾಮೂಲಿ ಬಾಡಿಗೆದಾರರು ಇದನ್ನು ಕೇಳಿದರೆ ಮನೆಯೇ ಬೇಡ ಎನ್ನಬಹುದು. ಮೊದಲೇ ತಿಳಿಸಿ ಒಪ್ಪಿಸಿ. ಆದಾಯ ಕಡಿಮೆ ಇರುವುದರಿಂದ ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯ ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು. ನವೆಂಬರ್ ನಡುವೆ ಹೊರಟರೆ ಆ ವರ್ಷ 182 ದಿನ ಮೀರಿ ಇಲ್ಲಿದ್ದಿರುತ್ತೀರಿ, ಹಾಗಾಗಿ ಈ ತಲೆನೋವು ಮುಂದಿನ ಏಪ್ರಿಲ್‌ನಿಂದ.

ಥಾಯ್ ತೆರಿಗೆಯನ್ನೂ ಮರೆಯಬೇಡಿ. ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಲ್ಲಿದ್ದವರು 2024ರ ಜನವರಿ 1ರ ನಂತರ ಗಳಿಸಿದ ವಿದೇಶಿ ಆದಾಯವನ್ನು ಥಾಯ್ಲೆಂಡಿಗೆ ತಂದರೆ ಅದು ತೆರಿಗೆ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಹಿಂದಿನ ಉಳಿತಾಯಕ್ಕೆ ಈ ಲೆಕ್ಕವಿಲ್ಲ. ನಿಮ್ಮ ಠೇವಣಿಯ 8 ಲಕ್ಷ ಬಾತ್ ಹಳೆಯ ಉಳಿತಾಯದಿಂದ ಹೋಗಲಿ. 2023ರ ಡಿಸೆಂಬರ್ 31ರ ಬಾಕಿ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಎಫ್‌ಡಿ ರಸೀದಿಗಳಿಗೆ ಈಗಲೇ ಬ್ಯಾಂಕಿನ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ.

ಪಿಂಚಣಿ ನಿಲ್ಲುವುದಿಲ್ಲ, ಜೀವನ ಪ್ರಮಾಣಪತ್ರ ನಿಂತರೆ ಮಾತ್ರ ತಡೆಯಾಗುತ್ತದೆ, ಕೊಟ್ಟ ಮೇಲೆ ಬಾಕಿ ಬರುತ್ತದೆ. ಮುಂದಿನ ನವೆಂಬರ್‌ಗಳಲ್ಲಿ ಅಲ್ಲಿಂದಲೇ ಜೀವನ್ ಪ್ರಮಾಣ್ ಆಪ್‌ನಲ್ಲಿ ಮುಖ ತೋರಿಸಿ ಕೊಡಬಹುದು. ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಎರಡನ್ನೂ ಇಲ್ಲಿಯೇ ಫೋನಿಗೆ ಹಾಕಿ ಒಂದು ಸಲ ಪರೀಕ್ಷಿಸಿ. ಆಗದಿದ್ದರೆ ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿ ಅಥವಾ ಚಿಯಾಂಗ್ ಮಾಯ್‌ನ ನಮ್ಮ ಕಾನ್ಸುಲೇಟ್ ಇದೆ. ಒಟಿಪಿ ಬರುವ ಸಿಮ್ ಜೀವಂತವಾಗಿರಬೇಕು. ಅಂತಾರಾಷ್ಟ್ರೀಯ ರೋಮಿಂಗ್ ಇಲ್ಲೇ ಚಾಲೂ ಮಾಡಿಸಿ, ರೀಚಾರ್ಜ್ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಸಂಖ್ಯೆ ಕಳೆದುಹೋದರೆ ಬ್ಯಾಂಕು, ಆಧಾರ್, ಆದಾಯ ತೆರಿಗೆ ಮೂರೂ ಒಟ್ಟಿಗೆ ಬಾಗಿಲು ಹಾಕಿಕೊಳ್ಳುತ್ತವೆ.

ಮನೆ ನೋಡಿಕೊಳ್ಳಲು ನಂಬಿಕೆಯ ಒಬ್ಬರಿಗೆ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಬರೆದು ನೋಂದಾಯಿಸಿ. ಬಾಡಿಗೆ ವಸೂಲು, ಪಾಲಿಕೆಯ ಕಂದಾಯ, ಚೆಸ್ಕಾಂ ಮತ್ತು ವಾಣಿವಿಲಾಸ ನೀರಿನ ಬಿಲ್ಲು, ಇ-ಖಾತಾ ಓಡಾಟ, ಇಷ್ಟಕ್ಕೆ ಸೀಮಿತವಾಗಿರಲಿ, ಮಾರುವ ಅಧಿಕಾರ ಬೇಡ. ಹೊರಗೆ ಹೋದ ಮೇಲೆ ಇದನ್ನು ಮಾಡಬೇಕೆಂದರೆ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿ, ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕಾಗುತ್ತದೆ. ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ.

ಆರೋಗ್ಯ. ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯ ಸಿಜಿಎಚ್‌ಎಸ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ, ಇಲ್ಲಿನ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ದೇಶದ ಹೊರಗೆ ಅನ್ವಯಿಸದು. ಹಾಗೆಂದು ಇಲ್ಲಿನ ಪಾಲಿಸಿ ನಿಲ್ಲಿಸಬೇಡಿ. ಒಮ್ಮೆ ಕಡಿದರೆ ಬಿಪಿ, ಉಬ್ಬಸಕ್ಕೆ ಮತ್ತೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಓ ವೀಸಾಗೆ ವಿಮೆ ಕಡ್ಡಾಯವಲ್ಲದಿದ್ದರೂ ಅಲ್ಲಿನ ಒಂದು ಆಸ್ಪತ್ರೆ ವಿಮೆ ಈಗಲೇ ಮಾಡಿಸಿ, 70 ದಾಟಿದ ಮೇಲೆ ಹೊಸದು ಸಿಗುವುದು ಕಷ್ಟ. ಬಿಪಿ ಮಾತ್ರೆ, ಇನ್‌ಹೇಲರ್ ಒಯ್ಯುವಾಗ ಔಷಧದ ಮೂಲ ಹೆಸರಿರುವ ಇಂಗ್ಲಿಷ್ ಚೀಟಿ ಇರಲಿ. ನಿದ್ರೆಗೋ ಆತಂಕಕ್ಕೋ ಆಲ್‌ಪ್ರಜೋಲಾಮ್, ಜೋಲ್ಪಿಡೆಮ್, ನೋವಿಗೆ ಟ್ರಮಡಾಲ್ ತೆಗೆದುಕೊಳ್ಳುವ ಅಭ್ಯಾಸವಿದ್ದರೆ ವೈದ್ಯರಿಗೆ ಹೇಳಿ ಬೇರೆಗೆ ಬದಲಿಸಿಕೊಳ್ಳಿ. ಥಾಯ್ಲೆಂಡಿನಲ್ಲಿ ಇವು ಕಟ್ಟುನಿಟ್ಟಿನ ನಿಯಂತ್ರಣದಲ್ಲಿರುವ ಔಷಧಗಳು.

ಊಟದ ಚಿಂತೆ ನೀವು ಅಂದುಕೊಂಡಷ್ಟಿಲ್ಲ. ಹಳದಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರದ ‘ಜೇ’ ಫಲಕ ಇರುವ ಕಡೆ ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಬೇರೆ ಕಡೆ ತರಕಾರಿ ಪಲ್ಯಕ್ಕೂ ನಾಂ ಪ್ಲಾ ಎಂಬ ಮೀನಿನ ರಸ ಬೀಳುತ್ತದೆ. ‘ಕಿನ್ ಜೇ’ ಎಂದು ಹೇಳುವುದನ್ನು ಇಬ್ಬರೂ ಕಲಿತುಕೊಳ್ಳಿ. ತೊಗರಿಬೇಳೆಗೆ ಭಾರತೀಯ ಅಂಗಡಿಗಳಿವೆ. ಹುಳಿಪುಡಿ, ಸಾರಿನಪುಡಿ ಮನೆಯಿಂದ ಒಯ್ಯಿರಿ, ಹಸಿ ಕರಿಬೇವು, ಬೀಜ, ಗಿಡ ಬೇಡ, ಸುಂಕದವರು ತಡೆಯುತ್ತಾರೆ. ಒಡವೆ ಹೆಚ್ಚಿದ್ದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಪಡೆಯಿರಿ, ಇಲ್ಲದಿದ್ದರೆ ಮರಳುವಾಗ ಅದು ಇಲ್ಲಿನದೇ ಎಂದು ಸಾಬೀತು ಮಾಡುವುದು ಕಷ್ಟ.

ಕೇಳಲು ಕಹಿಯಾದ ಒಂದು ವಿಷಯ ಉಳಿದಿದೆ. ಥಾಯ್ ಬ್ಯಾಂಕ್ ಖಾತೆಗೆ ನಾಮಿನಿ ಪದ್ಧತಿ ಇಲ್ಲ. ನಿಮಗೆ ಏನಾದರೂ ಆದರೆ ಆ 8 ಲಕ್ಷ ಬಾತ್ ತೆಗೆಯಲು ನ್ಯಾಯಾಲಯ ನೇಮಿಸಿದ ಆಡಳಿತಗಾರರೇ ಬೇಕು, ನಿಮ್ಮ ಮನೆಯವರ ಅವಲಂಬಿತ ವೀಸಾಕ್ಕೂ ಆಧಾರ ಇರುವುದಿಲ್ಲ. ಅಲ್ಲಿನ ವಕೀಲರ ಹತ್ತಿರ ಅಲ್ಲಿನ ಆಸ್ತಿಗೆ ಮಾತ್ರ ಸಂಬಂಧಿಸಿದ ಉಯಿಲು ಬರೆಸಿ. ಮೈಸೂರಿನ ಮನೆಗೆ ಇಲ್ಲಿ ಬೇರೆ ಉಯಿಲು ಇರಲಿ, ಒಂದು ಇನ್ನೊಂದನ್ನು ರದ್ದುಮಾಡದಂತೆ ಇಬ್ಬರು ವಕೀಲರಿಗೂ ತಿಳಿಸಿ. ಅವರ ಹೆಸರಿನಲ್ಲೂ ಅಲ್ಲಿ ಒಂದು ಖಾತೆ ತೆರೆದು ನಾಲ್ಕೈದು ತಿಂಗಳ ಖರ್ಚು ಮತ್ತು ಮೈಸೂರಿಗೆ ಮರಳುವ ವಿಮಾನದ ಹಣ ಇಟ್ಟಿರಿ. ಕಾನ್ಸುಲೇಟಿನ ಫೋನ್ ನಂಬರು ಅವರ ಮೊಬೈಲಿನಲ್ಲೂ ಇರಲಿ.